ಉಮ್ಮ, ನಾನು ಮತ್ತು ಇಟಲಿಯ ನಿಧಾನ ರೈಲು

ಇಟಲಿಯಲ್ಲಿ ಓದುವ ವಿದ್ಯಾರ್ಥಿಗಳಿಗೆ ಫೆಬ್ರವರಿ ತಿಂಗಳು ಪ್ರವಾಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಪರೀಕ್ಷೆಗಳ ನಡುವೆ ಒಂದಷ್ಟು ದಿನ ಬಿಡುವು ಸಿಗುತ್ತದೆ. ಚಳಿಯ ಕಾರಣ ಪ್ರವಾಸಿಗರು ಕಡಿಮೆ, ಕೋಣೆಗಳ ಬಾಡಿಗೆಯೂ ಕಡಿಮೆ. 2025ರ ಫೆಬ್ರವರಿಗೆ ಇನ್ನೊಂದು ಅನುಕೂಲವಿತ್ತು. ರಮಝಾನ್ ಆರಂಭವಾಗಲು ಇನ್ನೂ ಒಂದು ತಿಂಗಳಿತ್ತು. ಆ ಸಮಯಕ್ಕೆ ಸರಿಯಾಗಿ ಉಮ್ಮ ಉಳ್ಳಾಲದಿಂದ ಬಂದಿಳಿದರು.

ಉಮ್ಮ ಅದಕ್ಕಿಂತ ಮೊದಲು ವಿಮಾನ ಹತ್ತಿದ್ದು ಉಮ್ರಾಕ್ಕೆ ಹೋದಾಗ ಮಾತ್ರ. ಅವರು ಬಂದದ್ದು ಇಟಲಿ ನೋಡಲಿಕ್ಕಲ್ಲ. ಮಗಳು ಏನು ತಿನ್ನುತ್ತಾಳೆ, ಎಲ್ಲಿ ಮಲಗುತ್ತಾಳೆ, ಐದು ಹೊತ್ತಿನ ನಮಾಝ್ ಹೇಗೆ ನಡೆಯುತ್ತಿದೆ ಎಂಬುದನ್ನು ತಮ್ಮ ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಳ್ಳುವುದೇ ಅವರ ಉದ್ದೇಶ. ಆ ತಪಾಸಣೆ ಎರಡು ದಿನಗಳಲ್ಲಿ ಮುಗಿಯಿತು. ಮೂರನೆಯ ದಿನ ನಾನು ನಕ್ಷೆ ಬಿಡಿಸಿ ಹೇಳಿದೆ: “ಏಳುನೂರು ಯೂರೋ ಇದೆ ಉಮ್ಮ. ಇಬ್ಬರಿಗೂ ಸೇರಿ. ಎಂಟು ದಿನ ತಿರುಗೋಣ.”

ಏಳುನೂರು ಯೂರೋ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು ಅರವತ್ತಮೂರು ಸಾವಿರ ರೂಪಾಯಿ. ಉಮ್ಮ ಬೆಚ್ಚಿಬಿದ್ದರು. ಜುಬೈಲ್‌ನಲ್ಲಿರುವ ಅಣ್ಣ ಫೋನಿನಲ್ಲಿ ಬೇರೆಯೇ ಪ್ರಶ್ನೆ ಎತ್ತಿದ: “ಜೊತೆಗೆ ಗಂಡಸರು ಯಾರೂ ಇಲ್ಲದೆ ಇಬ್ಬರೇ ಊರೂರು ತಿರುಗುವುದೇ?” ಮಹ್ರಮ್ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ದಾರಿ ಸುರಕ್ಷಿತವಾಗಿದ್ದರೆ ಆಗಬಹುದು ಎನ್ನುವವರಿದ್ದಾರೆ, ಬೇಡವೇ ಬೇಡ ಎನ್ನುವವರೂ ಇದ್ದಾರೆ. ಉಮ್ಮ ಫೋನು ತೆಗೆದುಕೊಂಡು ಇಷ್ಟೇ ಹೇಳಿದರು: “ಅವಳು ಎರಡು ವರ್ಷದಿಂದ ಇಲ್ಲಿ ಒಬ್ಬಳೇ ಇದ್ದಾಳೆ. ಈಗ ಜೊತೆಗೆ ನಾನಿದ್ದೇನೆ.” ಅಣ್ಣ ಮತ್ತೆ ಮಾತಾಡಲಿಲ್ಲ.

ಹಣದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಮಕ್ಕಳನ್ನು ಹೊರಗೆ ಓದಿಸುವ ಆಸೆಯಿರುವ ತಾಯಂದಿರಿಗೆ ಉಪಯೋಗವಾದೀತು. ಇಟಲಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ನಿಗದಿಯಾಗುತ್ತದೆ. ಆದಾಯ ಕಡಿಮೆಯಿದ್ದರೆ ಆಯಾ ಪ್ರಾಂತ್ಯದ ವಿದ್ಯಾರ್ಥಿವೇತನಕ್ಕೆ ವಿದೇಶಿಯರೂ ಅರ್ಜಿ ಹಾಕಬಹುದು. ನಾನು ಓದುವ ಪಾದೋವಾ ವಿಶ್ವವಿದ್ಯಾನಿಲಯ 1222ರಲ್ಲಿ ಆರಂಭವಾದದ್ದು. ನಮ್ಮ ಇಬ್ನು ಸೀನಾರ ವೈದ್ಯಗ್ರಂಥವನ್ನು ಇಲ್ಲಿ 17ನೇ ಶತಮಾನದಲ್ಲೂ ಪಠ್ಯವಾಗಿ ಕಲಿಸುತ್ತಿದ್ದರು. ಡಾಕ್ಟರೇಟ್ ಪಡೆದ ಜಗತ್ತಿನ ಮೊದಲ ಮಹಿಳೆ ಎಂದು ಹೆಸರಾದ ಎಲೆನಾ ಕೊರ್ನಾರೊ ಪಿಸ್ಕೋಪಿಯಾ 1678ರಲ್ಲಿ ಪದವಿ ಪಡೆದದ್ದೂ ಇಲ್ಲೇ. ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಆಕೆಯ ಪ್ರತಿಮೆಯಿದೆ. ಉಮ್ಮ ಅದರ ಮುಂದೆ ನಿಂತು ಕೇಳಿದರು: “ಇವಳಿಗೆ ಮದುವೆಯಾಗಿತ್ತಾ?” ಇಲ್ಲ ಎಂದೆ. ಅವರು ಏನೂ ಹೇಳಲಿಲ್ಲ. ನಾನೂ ಬೇಗ ಮುಂದೆ ನಡೆದೆ.

ವೆನಿಸ್‌ನಲ್ಲಿ ಉಳಿದುಕೊಳ್ಳುವುದು ದುಬಾರಿ. ಪಾದೋವಾದಿಂದ ಅಲ್ಲಿಗೆ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ, ಐದು ಯೂರೋದಷ್ಟು ಟಿಕೆಟು. ಬೆಳಿಗ್ಗೆ ಹೋಗಿ ರಾತ್ರಿ ಮರಳಿದೆವು. ಈ ಸಾಮಾನ್ಯ ರೈಲಿಗೆ ‘ರೆಜಿಯೊನಾಲೆ’ ಎನ್ನುತ್ತಾರೆ. ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ ಎಲ್ಲ ಕಡೆ ನಿಲ್ಲುತ್ತದೆ. ವೇಗದ ರೈಲಿನ ಟಿಕೆಟು ದಿನ ಹತ್ತಿರವಾದಂತೆ ಏರುತ್ತದೆ, ಇದರದ್ದು ಯಾವಾಗ ಕೊಂಡರೂ ಒಂದೇ ಬೆಲೆ. ಕಾಗದದ ಟಿಕೆಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ.

ವೆನಿಸ್‌ನಲ್ಲಿ ಎಲ್ಲರಿಗೂ ಗೊಂಡೋಲಾ ದೋಣಿಯ ಕನಸು. ಅರ್ಧ ಗಂಟೆಗೆ 90 ಯೂರೋ! ಆದರೆ ದೊಡ್ಡ ಕಾಲುವೆಯನ್ನು ಅಡ್ಡ ದಾಟಿಸುವ ಕಡವಿನ ದೋಣಿಯೂ ಗೊಂಡೋಲಾವೇ, ದರ ಎರಡು ಯೂರೋ. ಎರಡು ನಿಮಿಷದ ಸವಾರಿ. ಉಮ್ಮ ನೇತ್ರಾವತಿಯ ಕಡವು ದಾಟಿದಷ್ಟೇ ಸಲೀಸಾಗಿ ಹತ್ತಿ ಇಳಿದರು. ಇಳಿದದ್ದು ರಿಯಾಲ್ಟೋ ಮೀನು ಮಾರುಕಟ್ಟೆಯ ಮುಂದೆ. ಅಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಒಂದೊಂದೇ ಹಲಗೆಯ ಮುಂದೆ ನಿಂತು ಕಿವಿರು ನೋಡಿ, “ಇದು ನಿನ್ನೆಯದ್ದು” ಎಂದು ಕನ್ನಡದಲ್ಲೇ ತೀರ್ಪು ಕೊಟ್ಟರು. ಬೂತಾಯಿ ಕಂಡಾಗ ಮುಖ ಅರಳಿತು. ಇಲ್ಲಿನವರು ಅದನ್ನು ಹುರಿದು ಈರುಳ್ಳಿ, ವಿನೆಗರ್ ಮತ್ತು ಒಣದ್ರಾಕ್ಷಿಯ ಜೊತೆ ನೆನೆಹಾಕಿ ತಿನ್ನುತ್ತಾರೆ ಎಂದೆ. “ಬೂತಾಯಿಗೆ ದ್ರಾಕ್ಷಿಯಾ?” ಎಂದವರು ಆ ದಿನ ಪೂರ್ತಿ ಅದನ್ನೇ ನೆನೆದು ನಕ್ಕರು.

ನಾನು ಉಮ್ಮನಿಗೆ ತೋರಿಸಬೇಕೆಂದುಕೊಂಡಿದ್ದ ಕಟ್ಟಡ ಬೇರೆಯೇ ಇತ್ತು. ಅದಕ್ಕೆ ದೊಡ್ಡ ಕಾಲುವೆಯ ಸರಕಾರಿ ಬೋಟು ಹತ್ತಬೇಕು. ಒಬ್ಬರಿಗೆ ಒಂಬತ್ತೂವರೆ ಯೂರೋ. “ಬಸ್ಸಿಗೆ ಎಂಟುನೂರೈವತ್ತು ರೂಪಾಯಿಯೇ!” ಎಂದು ಉಮ್ಮ ಗೊಣಗಿದರು. ಬೋಟಿನಿಂದ ಎರಡು ಸಾಲು ಬಿಳಿ ಕಮಾನುಗಳಿರುವ ಉದ್ದನೆಯ ಕಟ್ಟಡ ಕಾಣುತ್ತದೆ. ಹೆಸರು ‘ಫೊಂದಾಕೊ ದೇಯಿ ತುರ್ಕಿ’, ಅಂದರೆ ತುರ್ಕರ ಛತ್ರ. ಈಗ ಅದೊಂದು ಮ್ಯೂಸಿಯಂ. 1621ರಿಂದ 1838ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದ ಮುಸ್ಲಿಮ್ ವ್ಯಾಪಾರಿಗಳು ಸರಕು ಇಟ್ಟುಕೊಂಡು ಉಳಿಯುತ್ತಿದ್ದದ್ದು ಇಲ್ಲಿ. ಒಳಗೆ ಸ್ನಾನಗೃಹವಿತ್ತು, ನಮಾಝಿಗೆ ಸ್ಥಳವಿತ್ತು. ರಾತ್ರಿಯಾದರೆ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಗೌರವವೂ ಇತ್ತು, ಸಂಶಯವೂ ಇತ್ತು. ‘ಫೊಂದಾಕೊ’ ಎಂಬ ಪದವೇ ಅರಬಿಯ ‘ಫುಂದುಕ್’ನಿಂದ ಬಂದದ್ದು. ಇಲ್ಲಿನ ಹಡಗುಕಟ್ಟೆಯ ಹೆಸರು ‘ಅರ್ಸೆನಾಲೆ’ ಕೂಡಾ ಅರಬಿಯ ‘ದಾರುಸ್ಸಿನಾಅ’ದಿಂದ ಬಂದದ್ದು. ನಮ್ಮ ಕನರಾ ಮತ್ತು ಮಲಬಾರಿನ ಕರಿಮೆಣಸು ಅರಬ್ ವ್ಯಾಪಾರಿಗಳ ಕೈ ದಾಟಿ ಅಲೆಕ್ಸಾಂಡ್ರಿಯಾದ ಮೂಲಕ ಇಲ್ಲಿಗೆ ಬರುತ್ತಿತ್ತು. ಅದರ ಲಾಭದಲ್ಲಿ ಈ ನಗರದ ಅರಮನೆಗಳು ಎದ್ದಿವೆ. “ಹಾಗಾದರೆ ಇದರಲ್ಲಿ ನಮ್ಮ ಪಾಲೂ ಇದೆ” ಎಂದರು ಉಮ್ಮ. ಅರಬಿ ಲಿಪಿಯಲ್ಲಿ ಪವಿತ್ರ ಕುರ್‌ಆನ್ ಮೊದಲ ಬಾರಿಗೆ ಅಚ್ಚಾದದ್ದೂ ಈ ನಗರದಲ್ಲೇ, 1537-38ರ ಸುಮಾರಿಗೆ. ಅಕ್ಷರ ಗೊತ್ತಿಲ್ಲದವರು ಜೋಡಿಸಿದ್ದರಿಂದ ತಪ್ಪುಗಳು ತುಂಬಿದ್ದವು, ವ್ಯಾಪಾರವಾಗಲಿಲ್ಲ. ಅದರ ಒಂದೇ ಒಂದು ಪ್ರತಿ 1987ರಲ್ಲಿ ವೆನಿಸ್‌ನ ದ್ವೀಪವೊಂದರ ಕ್ರೈಸ್ತ ಸನ್ಯಾಸಿಗಳ ಗ್ರಂಥಾಲಯದಲ್ಲಿ ಪತ್ತೆಯಾಯಿತು.

ಮರುದಿನ ಬೊಲೊನ್ಯಾದಲ್ಲಿ ರೈಲು ಬದಲಿಸಿ ಫ್ಲಾರೆನ್ಸಿಗೆ ಹೋದೆವು. ಬೊಲೊನ್ಯಾ ನಿಲ್ದಾಣದಲ್ಲಿ ಹಸಿವಾಯಿತು. ಊಟದ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಇಟಲಿಯಲ್ಲಿ ಹಂದಿ ಕಾಣುವ ಕಡೆಗಿಂತ ಕಾಣದ ಕಡೆ ಹೆಚ್ಚು. ‘ಪಿಯಾದಿನಾ’ ಎಂಬ ಚಪಾತಿಯಂತಹ ರೊಟ್ಟಿಗೆ ಹಂದಿ ಕೊಬ್ಬು ಬೆರೆಸುವುದುಂಟು. ಅನ್ನದ ‘ರಿಸೊಟ್ಟೊ’ಗೆ ವೈನ್ ಸುರಿಯುತ್ತಾರೆ. ತಿರಮಿಸು ಎಂಬ ಸಿಹಿತಿಂಡಿಗೆ ಮದ್ಯ ಹಾಕುವವರಿದ್ದಾರೆ. “ಸೆಂಝಾ ಮಯಾಲೆ, ಸೆಂಝಾ ಅಲ್ಕೋಲ್” (ಹಂದಿ ಬೇಡ, ಮದ್ಯ ಬೇಡ) ಎಂಬೆರಡು ಮಾತು ಕಲಿತರೆ ಅಂಗಡಿಯವರು ಬೇಸರವಿಲ್ಲದೆ ವಿಚಾರಿಸಿ ಹೇಳುತ್ತಾರೆ. ಉಮ್ಮನಿಗೆ ಇದ್ಯಾವುದರ ಚಿಂತೆಯಿರಲಿಲ್ಲ. ಅವರ ಚೀಲದಲ್ಲಿ ಕೋರಿರೊಟ್ಟಿಯೂ ಒಣಸಿಗಡಿ ಚಟ್ನಿಯೂ ಇತ್ತು. ನಿಲ್ದಾಣದ ಬೆಂಚಿನಲ್ಲಿ ಡಬ್ಬಿ ತೆರೆದಾಗ ಪಕ್ಕದಲ್ಲಿದ್ದ ಮುದುಕ ಸೂಟುಧಾರಿ ಮೂಗು ಅರಳಿಸಿ ನಮ್ಮನ್ನೇ ನೋಡಿದ. ಉಮ್ಮ ಒಂದು ಚೂರು ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟರು. ಆತ ತಿಂದ. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚೂರಿಗೆ ಕೈ ಚಾಚಿದ.

ಫ್ಲಾರೆನ್ಸ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಅತಿಥಿಗೃಹದಲ್ಲಿ ಎರಡು ರಾತ್ರಿ ತಂಗಿದೆವು. ಇಟಲಿಯ ಅನೇಕ ಕಾನ್ವೆಂಟುಗಳು ಹೀಗೆ ಕೋಣೆ ಕೊಡುತ್ತವೆ. ಹೆಂಗಸರಿಗೆ ಇದಕ್ಕಿಂತ ನೆಮ್ಮದಿಯ ಜಾಗ ಸಿಗಲಾರದು. ರಾತ್ರಿ ಹತ್ತೂವರೆಗೆ ಬಾಗಿಲು ಹಾಕುತ್ತಾರೆ ಎಂದು ಕೇಳಿಯೇ ಉಮ್ಮನಿಗೆ ಅರ್ಧ ಇಷ್ಟವಾಯಿತು. ಕೋಣೆಯಲ್ಲಿ ಮಂಚದ ಮೇಲಿನ ಗೋಡೆಗೆ ಶಿಲುಬೆಯಿತ್ತು. ಉಮ್ಮ ಫೋನಿನಲ್ಲಿ ಕಿಬ್ಲಾ ನೋಡಿದರು. ಆಗ್ನೇಯ ದಿಕ್ಕು, ಅಂದರೆ ಕಿಟಕಿಯ ಕಡೆಗೆ. ಶಿಲುಬೆ ಬೆನ್ನಿಗೆ ಬಂತು. ನಮ್ಮ ಮುಸಲ್ಲಾ ಕಂಡ ವೃದ್ಧ ಸನ್ಯಾಸಿನಿ ಏನೂ ಕೇಳದೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟು ಹೋದರು. “ಇವರ ತಲೆವಸ್ತ್ರ ನೋಡಿ ಯಾರೂ ಏನೂ ಕೇಳುವುದಿಲ್ಲ, ಅಲ್ವಾ?” ಎಂದು ಉಮ್ಮ ಆಮೇಲೆ ಮೆಲ್ಲಗೆ ಹೇಳಿದರು.

ತಿಂಗಳ ಮೊದಲ ಭಾನುವಾರ ಇಟಲಿಯ ಸರಕಾರಿ ಮ್ಯೂಸಿಯಂಗಳಿಗೆ ಎಲ್ಲರಿಗೂ ಉಚಿತ ಪ್ರವೇಶ. ನಮ್ಮ ಇಡೀ ಪ್ರವಾಸವನ್ನು ನಾನು ಫೆಬ್ರವರಿ 2ರ ಆ ಭಾನುವಾರಕ್ಕೆ ಹೊಂದಿಸಿದ್ದೆ. ಜಗತ್ಪ್ರಸಿದ್ಧ ಉಫಿತ್ಸಿ ಚಿತ್ರಶಾಲೆಯ ಮುಂದೆ ಚಳಿಯಲ್ಲಿ ಎರಡು ಗಂಟೆ ಸರದಿ ನಿಂತೆವು. ಒಳಗೆ ಹೆಚ್ಚಿನವು ಕ್ರೈಸ್ತ ಧಾರ್ಮಿಕ ಚಿತ್ರಗಳು. ಉಮ್ಮ ತಲೆ ತಗ್ಗಿಸಿ ನಡೆಯುತ್ತಿದ್ದರು. ಜೆಂತಿಲೆ ದ ಫಾಬ್ರಿಯಾನೊ 1423ರಲ್ಲಿ ಬರೆದ ಚಿನ್ನದ ಬಣ್ಣದ ದೊಡ್ಡ ಚಿತ್ರದ ಮುಂದೆ ನಾನು ಅವರನ್ನು ನಿಲ್ಲಿಸಿದೆ. ಮಗು ಈಸಾ(ಅ)ರನ್ನು ನೋಡಲು ರಾಜರು ಬರುವ ದೃಶ್ಯ. ಮರ್ಯಮ್(ಅ)ರ ತಲೆಯ ಹಿಂದಿನ ಪ್ರಭಾವಳಿಯಲ್ಲಿ ಅಕ್ಷರಗಳಂತಹ ಗೆರೆಗಳಿವೆ. ಉಮ್ಮ ಕನ್ನಡಕ ಏರಿಸಿದರು. ನಲವತ್ತು ವರ್ಷಗಳಿಂದ ದಿನಾ ಕುರ್‌ಆನ್ ಓದುವ ಕಣ್ಣು ಅದು. ಬಲದಿಂದ ಎಡಕ್ಕೆ ತುಟಿ ಅಲುಗಿಸುತ್ತಾ ಪ್ರಯತ್ನಿಸಿದರು. ಮತ್ತೆ ಮೊದಲಿನಿಂದ.

“ಅಲಿಫ್ ಹೌದು, ಲಾಮ್ ಹೌದು. ಆದರೆ ಓದಲಿಕ್ಕೆ ಆಗುವುದಿಲ್ಲವಲ್ಲ ಮಗಳೇ.”

ಓದಲು ಬಾರದ್ದು ಉಮ್ಮನ ತಪ್ಪಲ್ಲ. ಅದು ಅರಬಿಯಂತೆ ಕಾಣುವ, ಅರ್ಥವಿಲ್ಲದ ಗೆರೆ. ಆ ಕಾಲದಲ್ಲಿ ಈಜಿಪ್ಟ್, ಸಿರಿಯಾಗಳಿಂದ ಬರುತ್ತಿದ್ದ ರೇಷ್ಮೆ ಬಟ್ಟೆ ಮತ್ತು ಹಿತ್ತಾಳೆಯ ತಟ್ಟೆಗಳ ಮೇಲೆ ಅರಬಿ ಬರಹವಿರುತ್ತಿತ್ತು. ಇಟಲಿಯ ಕಲಾವಿದರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಆದರೆ ಅದಕ್ಕಿಂತ ಚೆಂದದ್ದು, ಪವಿತ್ರವಾದದ್ದು ಅವರಿಗೆ ಹೊಳೆಯಲಿಲ್ಲ. ಅತ್ಯಂತ ಗೌರವದ ಮಹಿಳೆಯ ತಲೆಯ ಸುತ್ತ ಬರೆಯಲು ಅದನ್ನೇ ಆಯ್ದುಕೊಂಡರು. ಉಮ್ಮ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಉಳಿದ ಕೋಣೆಗಳನ್ನು ಸರಸರನೆ ದಾಟಿ ಹೊರಬಂದೆವು. ಮೈಕೆಲೆಂಜೆಲೋನ ಪ್ರತಿಮೆ ಗಿತಿಮೆ ನಮಗೆ ಬೇಡವಾಗಿತ್ತು.

ಪಿಸಾಕ್ಕೆ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ. ವಾಲುಗೋಪುರ ಹತ್ತಲು ಒಬ್ಬರಿಗೆ 20 ಯೂರೋ. ಕೆಳಗಿನಿಂದ ನೋಡಿದರೆ ಪುಕ್ಕಟೆ. ನಿಜ ಹೇಳಬೇಕೆಂದರೆ ವಾಲಿರುವುದು ಕೆಳಗಿನಿಂದಲೇ ಚೆನ್ನಾಗಿ ಕಾಣುವುದು. ಗೋಪುರ ಬಿಟ್ಟು ಅದೇ ಮೈದಾನದ ಉಳಿದೆಲ್ಲವನ್ನೂ ಅದರ ಅರ್ಧದಷ್ಟು ಹಣಕ್ಕೆ ನೋಡಬಹುದು, ನಾವು ಅದನ್ನು ಕೊಂಡೆವು. ಮ್ಯೂಸಿಯಂನಲ್ಲಿ ಮೂರೂವರೆ ಅಡಿ ಎತ್ತರದ ಕಂಚಿನ ಪ್ರಾಣಿಯೊಂದಿದೆ. ಹದ್ದಿನ ಮುಖ, ಸಿಂಹದ ದೇಹ. ಮೈಮೇಲೆಲ್ಲಾ ಕೂಫೀ ಲಿಪಿಯಲ್ಲಿ ಒಡೆಯನಿಗೆ ಒಳಿತು, ಬರಕತ್ ಹಾರೈಸುವ ಬರಹ. ಮುಸ್ಲಿಮ್ ಕುಶಲಕರ್ಮಿಗಳು, ಬಹುಶಃ ಸ್ಪೇನಿನಲ್ಲಿ, 11ನೇ ಶತಮಾನದ ಸುಮಾರಿಗೆ ಎರಕಹೊಯ್ದದ್ದು. 1828ರವರೆಗೂ ಇದು ಪಿಸಾದ ದೊಡ್ಡ ಇಗರ್ಜಿಯ ಮಾಡಿನ ಮೇಲೆ ಕೂತಿತ್ತು! ಈ ಬಾರಿ ಅಕ್ಷರ ನಿಜವಾದದ್ದು. ಕೂಫೀ ಲಿಪಿ ಓದಲು ಕಷ್ಟ, ಆದರೂ ‘ಬರಕ’ ಎಂಬ ಪದವನ್ನು ಉಮ್ಮ ಹುಡುಕಿಯೇ ಹುಡುಕಿದರು.

ಪಕ್ಕದ ಹಳೆಯ ಸ್ಮಶಾನದಲ್ಲಿ ಲಿಯೊನಾರ್ದೊ ಫಿಬೊನಾಚ್ಚಿಯ ಅಮೃತಶಿಲೆಯ ಪ್ರತಿಮೆಯಿದೆ. ಪಿಸಾದ ಈತನ ತಂದೆ ಅಲ್ಜೀರಿಯಾದ ಬಿಜಾಯಾ ಬಂದರಿನಲ್ಲಿ ಪಿಸಾ ವ್ಯಾಪಾರಿಗಳ ಪರವಾಗಿ ಸುಂಕದ ಕೆಲಸ ನೋಡುತ್ತಿದ್ದ. ಅಲ್ಲಿ ಹುಡುಗ ಭಾರತದ ಅಂಕಿಗಳನ್ನು ಕಲಿತು 1202ರಲ್ಲಿ ಪುಸ್ತಕ ಬರೆದ. ನಮ್ಮ ಸೊನ್ನೆ ಅರಬರ ಬಾಯಲ್ಲಿ ‘ಸಿಫ್ರ್’ ಆಗಿ, ಇಟಲಿಯಲ್ಲಿ ‘ಝೆರೋ’ ಆಯಿತು. ಈ ಅಂಕಿಗಳನ್ನು ಸುಲಭವಾಗಿ ತಿದ್ದಿ ಮೋಸ ಮಾಡಬಹುದೆಂದು 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದಾರರ ಸಂಘ ಲೆಕ್ಕದ ಪುಸ್ತಕದಲ್ಲಿ ನಿಷೇಧಿಸಿತ್ತಂತೆ. ದಿನಾ ರಾತ್ರಿ ಖರ್ಚು ಬರೆಯುವ ಉಮ್ಮನಿಗೆ ಇದು ತಮಾಷೆಯೆನಿಸಿತು.

ಪಿಸಾದಿಂದ ರೋಮಿಗೆ ನಿಧಾನ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಬಲಗಡೆ ಆಗಾಗ ಸಮುದ್ರ ಕಾಣುತ್ತದೆ. ಕಾಸರಗೋಡಿಗೆ ಹೋದ ಹಾಗಿದೆ ಎಂದು ಉಮ್ಮ ನಿದ್ದೆ ಹೋದರು. ರೋಮಿನಲ್ಲಿ ಪಿಯಾತ್ಸಾ ವಿತ್ತೋರಿಯೊ ಚೌಕದ ಬಳಿ ಬಾಂಗ್ಲಾದೇಶದ ಕುಟುಂಬವೊಂದರ ಬಾಡಿಗೆ ಕೋಣೆ. ಅಲ್ಲಿ ಹಲಾಲ್ ಮಾಂಸದಂಗಡಿ, ಬೆಂಡೆಕಾಯಿ, ಹಸಿಮೆಣಸು ಎಲ್ಲವೂ ಇದೆ. ಊಟದ ಕಷ್ಟ ಮುಗಿಯಿತು. ಕೊಲೋಸಿಯಂ ಅನ್ನು ಹೊರಗಿನಿಂದ ಒಂದು ಸುತ್ತು ಬಂದೆವು. ಐದು ಯೂರೋ ಕೊಟ್ಟು ಪಾಂಥಿಯಾನ್ ನೋಡಿದೆವು. ಬೀದಿಗಳಲ್ಲಿ ಸದಾ ಹರಿಯುವ ಕುಡಿಯುವ ನೀರಿನ ನಳ್ಳಿಗಳಿವೆ, ನಗರದಲ್ಲಿ ಸುಮಾರು ಎರಡೂವರೆ ಸಾವಿರ. ಬಾಟಲಿ ತುಂಬಿಸಿಕೊಂಡು ಪಾರ್ಕಿನ ಮೂಲೆಯಲ್ಲಿ ವುಝೂ ಮಾಡಿ, ಪ್ರಯಾಣಿಕರ ರಿಯಾಯಿತಿಯಂತೆ ಲುಹರ್, ಅಸರ್ ಒಟ್ಟಿಗೆ ಕಸ್ರ್ ಮಾಡುತ್ತಿದ್ದೆವು. ಯಾರೂ ಅಡ್ಡಿ ಮಾಡಲಿಲ್ಲ.

ರೋಮಿನಲ್ಲಿ ನನಗೆ ಮುಖ್ಯವಾಗಿದ್ದದ್ದು ಗುಡ್ಡದ ಮೇಲಿನ ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಇಗರ್ಜಿ. ಮುಂದಿನ ಮೆಟ್ಟಿಲುಗಳು 124. ಉಮ್ಮನ ಮೊಣಕಾಲಿಗೆ ಅದು ಆಗದ ಮಾತು, ಪಕ್ಕದ ಚೌಕದ ಕಡೆಯಿಂದ ಹೋದೆವು. ಪ್ರವೇಶ ಉಚಿತ. ಇಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಪ್ರವಾಸಿಯ ಸಮಾಧಿಯಿದೆ. ಕರಾವಳಿಯವರಾದ ನಮಗೆ ಈತ ಅಪರಿಚಿತನಲ್ಲ. 1623ರಲ್ಲಿ ಗೋವಾದಿಂದ ಇಕ್ಕೇರಿ, ಮಂಗಳೂರಿಗೆ ಬಂದು, ಉಳ್ಳಾಲದ ರಾಣಿ ಅಬ್ಬಕ್ಕನನ್ನು ಭೇಟಿಯಾದವನು ಈತನೇ. ರಾಣಿ ಬರಿಗಾಲಲ್ಲಿ, ತಾಳೆಗರಿಯ ಕೊಡೆಯ ನೆರಳಲ್ಲಿ, ನೀರಿನ ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು ಎಂದು ಈತ ಪತ್ರದಲ್ಲಿ ದಾಖಲಿಸಿದ್ದಾನೆ. ನಮ್ಮೂರ ರಾಣಿಯನ್ನು ಕಣ್ಣಾರೆ ಕಂಡ ಮನುಷ್ಯ ಇಲ್ಲಿ ಮಲಗಿದ್ದಾನೆಂದು ಹೇಳಿದಾಗ ಉಮ್ಮ ಬೆರಗಾದರು.

ಆಮೇಲೆ ಅವನ ಹೆಂಡತಿಯ ಕಥೆ ಹೇಳಿದೆ. ಆಕೆ ಮಅನಿ, ಮಾರ್ದಿನ್‌ನಲ್ಲಿ ಹುಟ್ಟಿದ ಕ್ರೈಸ್ತ ಹುಡುಗಿ. 1616ರಲ್ಲಿ ಬಗ್ದಾದಿನಲ್ಲಿ ಮದುವೆಯಾಗಿ ಗಂಡನ ಜೊತೆ ಪರ್ಶಿಯಾ ಸುತ್ತಿದಳು. 1621ರ ಕೊನೆಯಲ್ಲಿ ಹುರ್ಮುಝ್ ಸಮೀಪ ಜ್ವರ ಬಂದು ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಹೂಳಲಿಲ್ಲ. ಕರ್ಪೂರ ಹಾಕಿ ಶವಪೆಟ್ಟಿಗೆಯಲ್ಲಿಟ್ಟು, ಭಾರತದ ಕರಾವಳಿಯ ದಾರಿಯಾಗಿ ಸುತ್ತಿ ಸುತ್ತಿ ರೋಮಿಗೆ ತಂದು 1627ರಲ್ಲಿ ಈ ಇಗರ್ಜಿಯಲ್ಲಿ ಮಣ್ಣು ಮಾಡಿದ. ಇದನ್ನು ಓದಿದವರೆಲ್ಲ ಎಂತಹ ಪ್ರೀತಿ ಎನ್ನುತ್ತಾರೆ. ನಾನೂ ಹಾಗೆಂದೇ ಹೇಳಿದೆ.

ಉಮ್ಮ ಬೆಂಚಿನಲ್ಲಿ ಕೂತು ಸ್ವಲ್ಪ ಹೊತ್ತು ನೆಲ ನೋಡಿದರು. “ಪಾಪ. ಐದು ವರ್ಷ ಅವಳಿಗೆ ಮಣ್ಣು ಸಿಗಲಿಲ್ಲ.”

ನನ್ನ ಅಬ್ಬ ತೀರಿಕೊಂಡದ್ದು ದಮ್ಮಾಮ್‌ನಲ್ಲಿ, ನಾನು ಏಳನೇ ತರಗತಿಯಲ್ಲಿದ್ದಾಗ. ಮರುದಿನವೇ ಅಲ್ಲಿಯೇ ದಫನ್ ಆಯಿತು. ಊರಿಗೆ ತರಿಸಬಹುದಿತ್ತು, ಮುಖವಾದರೂ ನೋಡಬಹುದಿತ್ತು ಎಂದು ಸಂಬಂಧಿಕರು ವರ್ಷಗಟ್ಟಲೆ ಉಮ್ಮನಿಗೆ ಹೇಳುತ್ತಿದ್ದರು. ಅಲ್ಲಿಯೇ ಆಗಲಿ ಎಂದು ಫೋನಿನಲ್ಲಿ ಒಪ್ಪಿಗೆ ಕೊಟ್ಟವರು ಉಮ್ಮನೇ. ಆ ಬಗ್ಗೆ ಅವರು ನನ್ನಲ್ಲಿ ಯಾವತ್ತೂ ಮಾತಾಡಿರಲಿಲ್ಲ. ನಾನೂ ಕೇಳಿರಲಿಲ್ಲ.

“ಅವರನ್ನು ಪೆಟ್ಟಿಗೆಯಲ್ಲಿ ಹಾಕಿ ಏರ್‌ಪೋರ್ಟುಗಳಲ್ಲಿ ಕಾಯಿಸುವುದು ನನಗೆ ಬೇಡವಾಗಿತ್ತು” ಎಂದರು. “ನೋಡಬೇಕೆಂಬ ಆಸೆ ನನ್ನದು. ಬೇಗ ಮಣ್ಣು ಸೇರುವ ಹಕ್ಕು ಅವರದ್ದು.”

ಸ್ವಲ್ಪ ಹೊತ್ತಿನ ನಂತರ ಅವರೇ ಕೇಳಿದರು: “ಆ ಮನುಷ್ಯ ಆಮೇಲೆ ಏನಾದ?” ಮಅನಿ ಸಾಕಿಕೊಂಡಿದ್ದ ಜಾರ್ಜಿಯಾದ ಅನಾಥ ಹುಡುಗಿಯನ್ನೇ ಮದುವೆಯಾದ, ಹದಿನಾಲ್ಕು ಮಕ್ಕಳಾದವು ಎಂದೆ. “ಹಾಂ” ಎಂದು ಉಮ್ಮ ಎದ್ದು ನಿಂತರು.

ಶುಕ್ರವಾರ ಜುಮುಅಕ್ಕೆ ರೋಮಿನ ದೊಡ್ಡ ಮಸೀದಿಗೆ ಹೋದೆವು. ಫ್ಲಮಿನಿಯೊದಿಂದ ಹೊರಡುವ ಸಣ್ಣ ರೈಲಿಗೆ ನಗರದ ಸಾಮಾನ್ಯ ಟಿಕೆಟೇ ಸಾಕು, ಒಂದೂವರೆ ಯೂರೋ. ಪಾವೊಲೊ ಪೊರ್ತೊಗೇಸಿ ಎಂಬ ರೋಮಿನ ವಾಸ್ತುಶಿಲ್ಪಿ ಸಹೋದ್ಯೋಗಿಗಳೊಂದಿಗೆ ರೂಪಿಸಿದ ಈ ಮಸೀದಿ 1995ರಲ್ಲಿ ಉದ್ಘಾಟನೆಯಾಯಿತು. ಕಂಬಗಳು ಮರದಂತೆ ಮೇಲೆದ್ದು ಕೊಂಬೆ ಚಾಚಿ ಮಾಡನ್ನು ಹೊತ್ತಿವೆ. ಇಟಲಿಯಲ್ಲಿ ಇಂತಹ ಮಸೀದಿಗಳು ಬೆರಳೆಣಿಕೆಯಷ್ಟು. ಇಸ್ಲಾಮ್ ಧರ್ಮದೊಂದಿಗೆ ಇಟಲಿ ಸರಕಾರ ಇನ್ನೂ ಅಧಿಕೃತ ಒಪ್ಪಂದ ಮಾಡಿಕೊಂಡಿಲ್ಲ. ಹೆಚ್ಚಿನ ಊರುಗಳಲ್ಲಿ ಮುಸ್ಲಿಮರು ಹಳೆಯ ಗೋದಾಮು, ಅಂಗಡಿಯ ನೆಲಮಾಳಿಗೆಗಳಲ್ಲಿ ನಮಾಝ್ ಮಾಡುತ್ತಾರೆ.

ಮಹಿಳೆಯರ ವಿಭಾಗದಲ್ಲಿ ಉಮ್ಮನ ಪಕ್ಕದಲ್ಲಿ ಮೊರೊಕ್ಕೋದ ಹೆಂಗಸೊಬ್ಬರು ಕುಳಿತಿದ್ದರು. ಇಬ್ಬರಿಗೂ ಸಮಾನವಾದ ಭಾಷೆಯಿಲ್ಲ. ಸಲಾಮ್ ಆಯಿತು, ಮಕ್ಕಳೆಷ್ಟು ಎಂದು ಬೆರಳಲ್ಲಿ ಲೆಕ್ಕವಾಯಿತು. ಅಬ್ಬನ ಬಗ್ಗೆ ಆಕೆ ಕೇಳಿರಬೇಕು, ಉಮ್ಮ ಮೇಲಕ್ಕೆ ಕೈ ತೋರಿಸಿದರು. ಆಕೆ ಉಮ್ಮನ ಅಂಗೈ ಹಿಡಿದುಕೊಂಡು ಖುತ್ಬಾ ಮುಗಿಯುವವರೆಗೂ ಬಿಡಲಿಲ್ಲ.

ಶುಕ್ರವಾರ ಮಸೀದಿಯ ಹೊರಗೆ ಸಣ್ಣ ಸಂತೆ ಸೇರುತ್ತದೆ. ಖರ್ಜೂರ, ಬಟ್ಟೆ, ಸುಟ್ಟ ಮಾಂಸ, ಬಿಸಿ ಕೂಸ್‌ಕೂಸ್. ಎಂಟು ದಿನಗಳಲ್ಲಿ ಮೊದಲ ಬಾರಿಗೆ ಉಮ್ಮ ಬೆಲೆ ಕೇಳದೆ ಎರಡು ತಟ್ಟೆ ತೆಗೆದುಕೊಂಡರು.

ರಾತ್ರಿ ಪಾದೋವಾದ ಬಸ್ಸು ಹತ್ತಿ ಕೂತ ಮೇಲೆ ಲೆಕ್ಕದ ಪುಸ್ತಕ ಹೊರಬಂತು. ಕೋಣೆ, ರೈಲು, ನಗರ ತೆರಿಗೆ, ಟಿಕೆಟು, ಊಟ ಎಲ್ಲವೂ ಸೇರಿ 708 ಯೂರೋ.

“ಎಂಟು ಹೆಚ್ಚಾಯಿತು” ಎಂದರು ಉಮ್ಮ. “ಆ ವೆನಿಸ್‌ನ ಬೋಟಿನಿಂದಲೇ.”